ಓದಲು ಬಾರದ ಕಾಗದಕ್ಕೆ ಸಹಿ



ಬ್ಯಾಂಕಿನ ಚಲನ್ನಿಗಾಗಿ, ರೈಲ್ವೆ ಬೋರ್ಡಿಗಾಗಿ, ಅಂಗಡಿಯ ನಾಮಫಲಕಕ್ಕಾಗಿ ನಾವು ಬೀದಿಗಿಳಿದಿದ್ದೇವೆ, ಲಾಠಿ ಏಟೂ ತಿಂದಿದ್ದೇವೆ. ಆದರೆ ನಮ್ಮ ಅಕ್ಕತಂಗಿಯರ ಹೊಟ್ಟೆಗೆ ಕತ್ತರಿ ಹಾಕುವ ಮುನ್ನ ಸಹಿ ಹಾಕಿಸಿಕೊಳ್ಳುವ ಕಾಗದ ಯಾವ ಭಾಷೆಯಲ್ಲಿದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಏಳನೇ ತರಗತಿ ಓದಿದವಳು. ಕನ್ನಡ ಪ್ರೂಫಿನ ತಪ್ಪನ್ನು ನನಗಿಂತ ಮೊದಲು ಹಿಡಿಯುತ್ತಾಳೆ. ಎರಡನೇ ಹೆರಿಗೆಯ ಮಾರನೆಯ ದಿನ ಆಸ್ಪತ್ರೆಯೊಂದರಲ್ಲಿ ಆಕೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಆಮೇಲೊಂದು ದಿನ ಫೈಲು ತಂದು ತೋರಿಸಿದಳು. ಒಪ್ಪಿಗೆ ಪತ್ರವೆಲ್ಲ ಇಂಗ್ಲಿಷು, ಕೆಳಗೆ ದುಂಡನೆಯ ಕನ್ನಡದಲ್ಲಿ ಆಕೆಯ ಸಹಿ! ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಬೇರೆ ವಿಧಾನಗಳೂ ಇವೆಯೆಂದು ನನಗೆ ಗೊತ್ತಿದೆ ಎಂಬ ಸಾಲು ಬಂದಾಗ, "ಯಾರು ಹೇಳಿದ್ರು ಸಾರ್?" ಎಂದಳು. ಇದೆಲ್ಲವನ್ನೂ ನನ್ನ ಭಾಷೆಯಲ್ಲೇ ವಿವರಿಸಿದ್ದಾರೆ ಎಂಬ ಸಾಲಿಗೆ ಆಕೆ ಮಾತಾಡಲಿಲ್ಲ. ಕೊನೆಗೆ ಹೇಳಿದಳು: "ಆಪರೇಷನ್ ಬೇಡ ಅಂತಿದ್ನೋ ಏನೋ ಗೊತ್ತಿಲ್ಲ. ಕೇಳಿದ್ರೆ ಯೋಚನೆ ಮಾಡ್ತಿದ್ದೆ."

ಕನ್ನಡ ಫಾರಂ ಇಟ್ಟು, ಕೂರಿಸಿ ವಿವರಿಸುವ ಆಸ್ಪತ್ರೆಗಳೂ ಇವೆ. ಅವರಿಗೆ ನಮಸ್ಕಾರ. ನಮ್ಮ ಜಗಳ ಮಿಕ್ಕವರ ಜೊತೆ.

ಇದು ನಾವು ಬೇಡುವ ಭಿಕ್ಷೆಯಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಒಂದೇ ದಿನದ ಶಿಬಿರದಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿ, 13 ಜನ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು. ಶಸ್ತ್ರಚಿಕಿತ್ಸೆಯ ಪರಿಣಾಮವನ್ನು ಆಕೆಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು, ಯೋಚಿಸಲು ಸುಮಾರು ಒಂದು ಗಂಟೆ ಸಮಯ ಕೊಡಬೇಕು ಎಂದೂ ಹೇಳಿತು.

ಶಸ್ತ್ರಚಿಕಿತ್ಸೆಯೊಂದೇ ದಾರಿಯೆ? ವಂಕಿ ಇದೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಬಂದಿವೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗುತ್ತದೆ. ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಇಷ್ಟನ್ನು ಬಾಯಿಬಿಟ್ಟು ತಾಯ್ನುಡಿಯಲ್ಲಿ ಹೇಳದೆ ಮದ್ದು ಕೊಟ್ಟು ಏನು ಪ್ರಯೋಜನ? ಲಂಬಾಣಿ, ತುಳು, ಉರ್ದು ಮನೆಮಾತಿನ ತಾಯಂದಿರಿಗೆ ಅವರ ಮಾತಿನಲ್ಲೇ ಹೇಳಬೇಕು. ಇದಕ್ಕೆ ನಮ್ಮವರು ಯಾರೂ ಮುನಿಸಿಕೊಳ್ಳಬೇಡಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ? ಸೊನ್ನೆ! ಗಂಡಸರದು ಹೊಟ್ಟೆ ಕೊಯ್ಯದ ಸಣ್ಣ ಚಿಕಿತ್ಸೆ, ಅದೇ ದಿನ ಮನೆಗೆ ಬರಬಹುದು. ಮೀಸೆ ತಿರುವಿ ಘೋಷಣೆ ಕೂಗುವ ನಾವು, ನಾನೂ ಸೇರಿ, ಈ ಸೊನ್ನೆಯೊಳಗೇ ಇದ್ದೇವೆ.

ಕನ್ನಡಿಗರ ಸಂಖ್ಯೆ ಇಳಿಯುತ್ತಿದೆ, ಇನ್ನೂ ಹೆರಿ ಎನ್ನುವ ಭಾಷಣಕಾರರು ನಮ್ಮ ವೇದಿಕೆಗಳಲ್ಲೂ ಇದ್ದಾರೆ. ಸ್ವಾಮಿ, ಹೆರುವವರು ನೀವೋ? 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆಜ್ಞೆ ಹೊರಡಿಸಿದ್ದು ನಮ್ಮ ಮೈಸೂರು ಸರ್ಕಾರ. ದಿಲ್ಲಿ ತನ್ನ ಕಾರ್ಯಕ್ರಮ ಶುರು ಮಾಡಿದ್ದು 1952ರಲ್ಲಿ. ಆ ಮೈಸೂರಿನ ಮೊಮ್ಮಗಳು ಇಂದು ಓದಲಾಗದ ಕಾಗದಕ್ಕೆ ಸಹಿ ಹಾಕುತ್ತಿದ್ದಾಳೆ.

ಓದುಗರೇ, ನಿಮ್ಮೂರ ಆಸ್ಪತ್ರೆಗೆ ಹೋಗಿ ಕನ್ನಡ ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಿ. ಇಲ್ಲವೆಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು, ಪ್ರತಿಯನ್ನು ನಮಗೆ ಕಳಿಸಿ. ಎಲ್ಲ ವಿಧಾನಗಳನ್ನೂ ಸರಳ ಕನ್ನಡದಲ್ಲಿ ಬರೆದುಕೊಡುವ ವೈದ್ಯರೊಬ್ಬರು ಬೇಕಾಗಿದ್ದಾರೆ. ಕಾಗದದ ಖರ್ಚು ಹೊಂದಿಸಿದರೆ ಸಾಕು, ಅಚ್ಚಿನ ಕೂಲಿ ನಮಗೆ ಬೇಡ. ಮೊದಲ ಪ್ರೂಫು ನೋಡುವವಳು ನಮ್ಮ ಬೈಂಡಿಂಗ್ ವಿಭಾಗದಲ್ಲೇ ಇದ್ದಾಳೆ.