ಅಗ್ಗದ ಯಂತ್ರ, ಅಜ್ಜಿಗೊಂದು ಕಾಗದ

ನಮ್ಮ ಲೋಕಲ್ ಗಾಡಿ ಮುಟ್ಟುವ ಕರ್ಜತ್ತಿನ ಬಳಿ ಖೈರಾತ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿಯ ಏಕೋಪಾಧ್ಯಾಯ ಮರಾಠಿ ಶಾಲೆಗೆ ೨೦೦೭ರಲ್ಲಿ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯ ಹಸಿರು-ಬಿಳಿ ಯಂತ್ರಗಳು ಬಂದುವು. ೧೦೦ ಡಾಲರಿಗೆ ಕೊಡುವೆವೆಂದು ಹೊರಟವರಿಗೆ ಅದು ೨೦೦ರ ಸಮೀಪ ಬಿತ್ತೆನ್ನಿ. ಅಗ್ಗದ ಕಥೆ ಯಾವಾಗಲೂ ಹೀಗೆಯೇ! ಆದರೂ ಯಂತ್ರವು ಮಗುವಿನದೇ ಆಗಿ, ಸಂಜೆ ಪಾಟೀಚೀಲದೊಡನೆ ಮನೆಗೂ ಹೋಗಬೇಕೆಂಬ ಆ ಯೋಜನೆಯ ತತ್ತ್ವ ನನಗೆ ಮೆಚ್ಚಾಯಿತು. ತಾಯಿತಂದೆಯರೂ ಬಗ್ಗಿ ನೋಡುವಂತಾಗಬೇಡವೇ?

ನಮ್ಮ ಮನೆಗಳ ಪಾಡು ಬೇರೆ. ಶಾಲೆಗೆಂದು ಕೊಂಡ ಯಂತ್ರದಲ್ಲಿ ಇಂಗ್ಲಿಷುಂಟು, ಮರಾಠಿಯುಂಟು, ಕನ್ನಡ ಬಾಯಲ್ಲಷ್ಟೇ. ಊರಿನ ಅಜ್ಜಿಗೆ ಮಗು ನಾಲ್ಕು ಸಾಲು ಬರೆಯಲಾರದು. ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಸರಕಾರ ಗೊತ್ತುಮಾಡಿದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯಲ್ಲಿ ಮರಾಠಿಯ ‘ಕ’ ಇರುವ ಗುಂಡಿಯಲ್ಲೇ ಕನ್ನಡದ ‘ಕ’, ಅಲ್ಲಿಯ ‘ಮ’ ಇರುವಲ್ಲೇ ನಮ್ಮ ‘ಮ’. ಮರಾಠಿಗೆ ಬೇಡವಾದ ಹ್ರಸ್ವ ಎ, ಒ ಗಳಿಗೆ ಮಾತ್ರ ಬೇರೆ ಗುಂಡಿ. ಈ ಕ್ರಮದಲ್ಲಿ ಮರಾಠಿ ಬಡಿಯಬಲ್ಲ ಹುಡುಗಿಗೆ ಬೆರಳಿನ ಪಾಠ ಮುಗಿದಂತೆಯೇ. ಉಳಿದದ್ದು ಕನ್ನಡ ಅಕ್ಷರಗಳ ಗುರುತು. ಅದನ್ನು ಹೇಳಿಕೊಡಲು ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕುಳಿತರಾಯಿತು. ಯಂತ್ರದ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ, ಬರುವ ಭಾನುವಾರವೇ ಮೊದಲ ಕಾಗದ ಬರೆಸಿರಿ.