ಹತ್ತನೇ ದಿನ ಕೇಳುವವರು ಯಾರು?

'ನಿದ್ದೆ ಬರಲ್ಲ ಡಾಕ್ಟ್ರೇ, ಮೈಕೈ ನೋವು, ಊಟ ಸೇರಲ್ಲ.' ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಖಿನ್ನತೆ ಬರುವುದು ಹೆಚ್ಚಾಗಿ ಈ ವೇಷದಲ್ಲಿ. ಮನಸ್ಸಿನ ಮಾತನ್ನು ಬಂದ ಹೆಂಗಸು ಎತ್ತುವುದೇ ಇಲ್ಲ. ಹೊರಗೆ ಉದ್ದದ ಸಾಲು. ವೈದ್ಯರು ವಿಟಮಿನ್ ಮಾತ್ರೆ ಬರೆದು ಕಳಿಸುತ್ತಾರೆ. ಕಾಯಿಲೆ ಗೊತ್ತಾಗಿ ಸರಿಯಾದ ಮಾತ್ರೆ ಕೊಟ್ಟರೂ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ವಾಕರಿಕೆ, ತಲೆನೋವು ಮಾತ್ರ ಮೊದಲ ವಾರವೇ ಹಾಜರು. ಹತ್ತನೇ ದಿನಕ್ಕೆ ಮಾತ್ರೆ ಮೂಲೆ ಸೇರುತ್ತದೆ. ಯಾಕಮ್ಮಾ ಬಿಟ್ಟೆ ಎಂದು ಕೇಳುವವರಿಲ್ಲ.

ಹಾಗೆ ಕೇಳುವವರನ್ನು ನೇಮಿಸಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಗೋವಾ ತೋರಿಸಿದೆ. ಡಾ. ವಿಕ್ರಮ್ ಪಟೇಲ್ ಮತ್ತು 'ಸಂಗಾತ್' ಸಂಸ್ಥೆ ನಡೆಸಿದ 'ಮಾನಸ್' ಅಧ್ಯಯನದ ಫಲಿತಾಂಶ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಖಿನ್ನತೆ, ಆತಂಕದಿಂದ ಬಳಲುತ್ತಿದ್ದ 2,796 ಜನ ಅದರಲ್ಲಿದ್ದರು. ಆರೋಗ್ಯ ಕ್ಷೇತ್ರದ ಹಿನ್ನೆಲೆಯಿಲ್ಲದ ಸ್ಥಳೀಯ ಯುವತಿಯರಿಗೆ ಎರಡು ತಿಂಗಳ ತರಬೇತಿ ಕೊಟ್ಟು ಆಪ್ತ ಸಲಹೆಗೆ ಕೂರಿಸಿದರು. ಔಷಧಿ ಕೊಡುವುದು ಕೇಂದ್ರದ ವೈದ್ಯರದು, ಕಷ್ಟದ ರೋಗಿಗಳಿಗೆ ಭೇಟಿಗೆ ಬರುವ ಮನೋವೈದ್ಯರು. ರೋಗಿಯ ಮಾತು ಕೇಳುವುದು, ಬಾರದವರನ್ನು ಮರಳಿ ಕರೆಯುವುದು ಆ ಯುವತಿಯರ ಪಾಲು. ಸರ್ಕಾರಿ ಕೇಂದ್ರಗಳಲ್ಲಿ ಆರು ತಿಂಗಳಿಗೆ ಈ ತಂಡದ ಆರೈಕೆ ಪಡೆದವರಲ್ಲಿ ನೂರಕ್ಕೆ ಸುಮಾರು 66 ಜನ ಚೇತರಿಸಿಕೊಂಡಿದ್ದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಸುಮಾರು 42.

ಖಾಸಗಿ ಕ್ಲಿನಿಕ್‌ಗಳಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಅಲ್ಲಿ ರೋಗಿಗೆ ಪ್ರತಿಸಲವೂ ಅದೇ ವೈದ್ಯರು ಸಿಗುತ್ತಾರೆ, ಮುಖ ಪರಿಚಯವಿರುತ್ತದೆ, ಎರಡು ಮಾತು ಆಡಲು ಬಿಡುವೂ ಇರುತ್ತದೆ. ಸರ್ಕಾರಿ ಆಸ್ಪತ್ರೆಯ ಬಡ ರೋಗಿಗೆ ಸಿಗದೇ ಹೋದದ್ದು ಅದೇ. ಆ ಯುವತಿಯರು ತುಂಬಿದ್ದು ಆ ಕೊರತೆಯನ್ನು ಎಂದು ನನಗನ್ನಿಸುತ್ತದೆ.

ಅಮೆರಿಕದಲ್ಲಿ 60 ದಾಟಿದ 1,801 ಜನರ ಮೇಲೆ ನಡೆದ 'ಇಂಪ್ಯಾಕ್ಟ್' ಅಧ್ಯಯನವೂ (2002) ವಿಚಾರಿಸುವವರಿದ್ದರೆ ಫಲ ಹೆಚ್ಚು ಎಂದೇ ಹೇಳಿತು. ವರ್ಷದ ಕೊನೆಗೆ ಖಿನ್ನತೆಯ ಲಕ್ಷಣಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವರು ತಂಡದ ಆರೈಕೆಯಲ್ಲಿ ಶೇ 45, ಎಂದಿನ ಚಿಕಿತ್ಸೆಯಲ್ಲಿ ಶೇ 19. ಅಲ್ಲಿ ಒಬ್ಬರು ರೋಗಿಯನ್ನು ಬಿಡದೆ ವಿಚಾರಿಸುತ್ತಿದ್ದರು. ಗುಣ ಕಾಣದಿದ್ದರೆ ಮನೋವೈದ್ಯರ ಸಲಹೆಯಂತೆ ಚಿಕಿತ್ಸೆ ಬದಲಾಗುತ್ತಿತ್ತು.

ನಮಗೆ ಇದು ಹೊಸ ಪಾಠವಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಆರಂಭಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರಾಜ್ಯದ 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯಿರುವ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಒಂದು ಮಂಗಳವಾರಕ್ಕೂ ಇನ್ನೊಂದಕ್ಕೂ ನಡುವೆ ರೋಗಿಯ ಕೈ ಹಿಡಿಯುವವರು ಬೇಕು. ಈಗಾಗಲೇ ಹೊರೆ ಹೊತ್ತ ಆಶಾ ಕಾರ್ಯಕರ್ತೆಯ ತಲೆಗೆ ಇದನ್ನೂ ಕಟ್ಟುವುದು ಅನ್ಯಾಯ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತರಬೇತಿ ಪಡೆದ, ಸಂಬಳವಿರುವ ಒಬ್ಬ ಆಪ್ತ ಸಲಹೆಗಾರರ ಹುದ್ದೆಯನ್ನು ಆರೋಗ್ಯ ಇಲಾಖೆ ಮಂಜೂರು ಮಾಡಬೇಕು.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರಾದರೂ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹತ್ತನೇ ದಿನ ನೀವೇ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಶುಲ್ಕವಿಲ್ಲ.