ಮರುಕಟ್ಟಿದ ಕೋಟೆ ಪೂರ್ತಿ ಕಥೆ ಹೇಳಲಿ

ಅಮೆರಿಕದ ಕೊಲೊರಾಡೊದಲ್ಲಿರುವ ಬೆಂಟ್ಸ್ ಓಲ್ಡ್ ಫೋರ್ಟ್‌ನ ಮಣ್ಣಿನ ಗೋಡೆಗಳು ಹಳೆಯವಲ್ಲ. 1833ರ ಸುಮಾರಿಗೆ ಎದ್ದ ಮೂಲ ವ್ಯಾಪಾರ ಕೋಟೆ 1849ರಲ್ಲಿ ಪಾಳುಬಿತ್ತು. ಸೇನಾಧಿಕಾರಿ ಜೇಮ್ಸ್ ಏಬರ್ಟ್ 1846ರಲ್ಲಿ ಮಾಡಿಟ್ಟ ಚಿತ್ರ, ಅಳತೆಗಳನ್ನೂ ಉತ್ಖನನವನ್ನೂ ಆಧರಿಸಿ 1976ರಲ್ಲಿ ಅದನ್ನು ಮತ್ತೆ ಕಟ್ಟಲಾಯಿತು.

ಮರುಕಟ್ಟಿದ ಈ ಕೋಟೆಯಲ್ಲಿ ಕಮ್ಮಾರ ಕುಲುಮೆ ಊದುತ್ತಾನೆ. ಅಂದಿನ ಉಡುಗೆ ತೊಟ್ಟವರು ಬೈಸನ್ ಚರ್ಮದ ವ್ಯಾಪಾರ ವಿವರಿಸುತ್ತಾರೆ. ಪಠ್ಯಪುಸ್ತಕ ಕೊಡಲಾರದ ಅನುಭವವಿದು. ಇಂಥ ಮರುನಿರ್ಮಾಣ ಬೇಕೇ ಬೇಕು.

ಆದರೆ ಗೋಡೆಗಳಷ್ಟೇ ನಿಖರವಾದರೆ ಸಾಲದು. ಇಲ್ಲಿಗೆ ಚರ್ಮ ತಂದವರು ಶಾಯೆನ್, ಅರಾಪಾಹೊ ಎಂಬ ಮೂಲನಿವಾಸಿ ಜನ. ಕೋಟೆಯ ಒಡೆಯರಲ್ಲೊಬ್ಬನಾದ ವಿಲಿಯಂ ಬೆಂಟ್ ಶಾಯೆನ್ ಹೆಣ್ಣನ್ನೇ ಮದುವೆಯಾಗಿದ್ದ. 1864ರಲ್ಲಿ ಕೊಲೊರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಅಮೆರಿಕದ ಸೈನಿಕರು ಆ ಎರಡೂ ಜನಾಂಗದವರನ್ನು ಕೊಂದಾಗ ಅವನ ಮಕ್ಕಳೂ ಅವರ ಶಿಬಿರದಲ್ಲಿದ್ದರು. ವ್ಯಾಪಾರದ ವೈಭವ ಬಣ್ಣಿಸುವ ಮಾರ್ಗದರ್ಶಿ ಈ ಹತ್ಯಾಕಾಂಡವನ್ನೂ ಹೇಳಲಿ; ಹೇಳುವ ಕೆಲಸದಲ್ಲಿ ಆ ಜನರ ವಂಶಸ್ಥರಿಗೂ ಪಾಲಿರಲಿ.